ವಾರ್ಡ್ ಮೆಂಬರ್ ಹತ್ರ "ಯಾಕೆ ಹೀಗೆ ಮಾಡಿದ್ರಿ" ಅಂತ ಕೇಳೋದು ಹೇಗೆ, ಉತ್ತರ ತಗೊಳ್ಳೋದು ಹೇಗೆ

ನಮ್ಮ ಬೀದಿಗೆ ಚರಂಡಿ ಮಂಜೂರಾಗಿದೆ ಅಂತ ಮೆಂಬರ್ ಮನೆಯವ್ರೇ ಬಂದು ಹೇಳಿ ಹೋದ್ರು, ಇಂಜಿನಿಯರ್ ಟೇಪ್ ಹಿಡ್ಕೊಂಡು ಬಂದು ಆ ಮೂಲೆಯಿಂದ ಈ ಮೂಲೆವರೆಗೆ ಅಳತೆ ತಗೊಂಡ್ರು, ಕಾಂಪೌಂಡ್ ಗೋಡೆಗಳ ಮೇಲೆ ಕೆಂಪು ಪೇಂಟಲ್ಲಿ ಗುರುತೂ ಹಾಕಿದ್ರು, ಅದಾದ್ಮೇಲೆ ಎಂಟು ತಿಂಗಳು ಯಾರೂ ತಿರುಗಿ ನೋಡ್ಲಿಲ್ಲ. ಕೊನೆಗೆ ಗೊತ್ತಾಗಿದ್ದು ಏನಂದ್ರೆ ಆ ದುಡ್ಡು ಊರಿನ ಇನ್ನೊಂದು ಕಡೆ ಬಡಾವಣೆಗೆ ಹೋಗಿದೆ ಅಂತ. ಕೇಳಿದ್ರೆ ಒಬ್ರು "ಫಂಡ್ ಇಲ್ಲ" ಅಂದ್ರು, ಇನ್ನೊಬ್ರು "ಮೀಟಿಂಗಲ್ಲಿ ಆಗಿದ್ದು, ನಮ್ ಕೈಲಿ ಏನಿದೆ" ಅಂದ್ರು, ಪುರಸಭೆ ಆಫೀಸಲ್ಲಿ ಕೇಳಿದ್ರೆ "ನಿಮ್ ಮೆಂಬರ್ರನ್ನೇ ಕೇಳ್ಕೊಳ್ಳಿ" ಅಂತ ವಾಪಸ್ ಕಳ್ಸಿದ್ರು.

ನಾವು ಸಾಮಾನ್ಯವಾಗಿ ಮೆಂಬರ್ ಹತ್ರ ಹೋಗೋದು ಕೆಲ್ಸ ಮಾಡ್ಸಿಕೊಡಿ ಅಂತ ಕೇಳೋಕೆ. ಲೈಟ್ ಹಾಕ್ಸಿ, ಕಸದ ಗಾಡಿ ಕಳ್ಸಿ, ನೀರು ಬಿಡ್ಸಿ. ಅದು ಬೇರೆ. ನಾನು ಇಲ್ಲಿ ಹೇಳ್ತಿರೋದು ಒಂದು ತೀರ್ಮಾನ ಆಗೋಗಿದೆ, ಅದರಿಂದ ನಮಗೆ ತೊಂದ್ರೆ ಆಗಿದೆ ಅಥವಾ ನಮಗೆ ಅದು ಅರ್ಥನೇ ಆಗಿಲ್ಲ, ಅದಕ್ಕೆ ಕಾರಣ ಹೇಳಿಸ್ಕೊಳ್ಳೋದು ಹೇಗೆ ಅನ್ನೋದರ ಬಗ್ಗೆ. ಅವ್ರು ನಾವು ಹೇಳ್ದಂಗೆ ಮಾಡ್ಲೇಬೇಕು ಅಂತೇನಿಲ್ಲ, ಇಡೀ ಊರಿಗೆ ಇರೋ ದುಡ್ಡು ಅಷ್ಟೇ, ಯಾವುದಾದ್ರೂ ಬೀದಿಗೆ ಇಲ್ಲ ಅನ್ನಲೇಬೇಕಾಗತ್ತೆ. ಆದ್ರೆ ಯಾಕೆ ಇಲ್ಲ ಅಂತ ಹೇಳೋದು ಅವ್ರು ನಮಗೆ ಮಾಡೋ ಉಪಕಾರ ಅಲ್ಲ. ಅದು ನಮಗೆ ಬರಬೇಕಾದ್ದು, ಕಾನೂನಲ್ಲೇ ಬರೆದಿದೆ. ಎಲ್ಲಿ ಅಂತ ಮುಂದೆ ಹೇಳ್ತೀನಿ.

ಮೊದ್ಲು ತೀರ್ಮಾನ ಮಾಡಿದ್ದು ಯಾರು ಅಂತ ಹುಡುಕಿ

ಅರ್ಧ ಜಗಳ ಇಲ್ಲೇ ದಾರಿ ತಪ್ಪೋದು. ಯಾರೋ ಮಾಡಿದ ತೀರ್ಮಾನಕ್ಕೆ ಇನ್ಯಾರನ್ನೋ ಹಿಡ್ಕೊಂಡು ಬೈತಿರ್ತೀವಿ. ಒಳಚರಂಡಿ ಲೈನ್ ಆದ್ರೆ ಹೆಚ್ಚಿನ ಊರುಗಳಲ್ಲಿ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಬರತ್ತೆ, ಊರೊಳಗೆ ಹಾದು ಹೋಗೋ ದೊಡ್ಡ ರಸ್ತೆ ಲೋಕೋಪಯೋಗಿ ಇಲಾಖೆದಿರಬಹುದು, ಇನ್ನು ಕೆಲವು ಕೆಲ್ಸ ಶಾಸಕರ ಅನುದಾನದ್ದು, ಇವುಗಳಲ್ಲಿ ಮೆಂಬರ್ ಮಾತು ಅಷ್ಟಕ್ಕಷ್ಟೇ. ಪುರಸಭೆದೇ ಕೆಲ್ಸ ಅಂತಾದ್ರೆ ಅದು ಸಾಮಾನ್ಯ ಸಭೆಲಿ ಆಗಿರತ್ತೆ, ಇಲ್ಲ ಕೆಲವೇ ಸದಸ್ಯರಿರೋ ಸ್ಥಾಯಿ ಸಮಿತಿಲಿ ಆಗಿರತ್ತೆ, ಇಲ್ಲ ಅಧಿಕಾರಿಗಳೇ ತಮ್ಮ ಹಂತದಲ್ಲಿ ಮುಗಿಸಿರ್ತಾರೆ.

ಇದರ ಜೊತೆ ನೀವಿರೋ ಜಾಗಕ್ಕೆ ಯಾವ ಕಾಯ್ದೆ ಅಂತಾನೂ ಗೊತ್ತಿರ್ಲಿ. ಪಟ್ಟಣ ಪಂಚಾಯತಿ, ಪುರಸಭೆ, ನಗರಸಭೆಗೆ ಕರ್ನಾಟಕ ಪುರಸಭೆಗಳ ಕಾಯ್ದೆ 1964, ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು ಥರದ ಮಹಾನಗರ ಪಾಲಿಕೆಗೆ 1976ರ ಪಾಲಿಕೆ ಕಾಯ್ದೆ, ಹಳ್ಳಿಗೆ 1993ರ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ. ಬೆಂಗಳೂರಲ್ಲಿ 2020ರ ಸೆಪ್ಟೆಂಬರ್‌ಗೆ ಕಾರ್ಪೊರೇಟರ್‌ಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾಯಿತ ಕೌನ್ಸಿಲ್ಲೇ ಇಲ್ದೆ ಆಡಳಿತ ನಡೀತು. ನಿಮ್ಮೂರಲ್ಲೂ ಅವಧಿ ಮುಗಿದು ಆಡಳಿತಾಧಿಕಾರಿ ಕೂತಿದ್ರೆ ಮೆಂಬರ್ ಜಾಗದಲ್ಲಿ ಅವ್ರ ಹೆಸರು ಹಾಕ್ಕೊಳ್ಳಿ, ಕೆಳಗಿನ ದಾರಿ ಹೆಚ್ಚುಕಮ್ಮಿ ಅದೇ. ಅಷ್ಟೇ ಅಲ್ಲ, ಹಾಗಿದ್ದಾಗ ಕಾರಣ ಕೇಳೋದು ಇನ್ನೂ ಮುಖ್ಯ, ಯಾಕಂದ್ರೆ ಅವ್ರು ಮುಂದಿನ ಸಲ ಓಟು ಕೇಳೋಕೆ ನಮ್ಮನೆ ಬಾಗಿಲಿಗೆ ಬರೋದಿಲ್ಲ.

ನಡಾವಳಿ ಕಾಪಿ ತಗೊಂಡು ಕೂತು ಓದಿ

ಪುರಸಭೆ, ಪಾಲಿಕೆಗಳಲ್ಲಿ ತಿಂಗಳಿಗೊಂದು ಸಾಮಾನ್ಯ ಸಭೆ ಆಗ್ಬೇಕು. ಸಭೆಗೆ ಮುಂಚೆ ಸದಸ್ಯರಿಗೆ ಅಜೆಂಡಾ ಹೋಗತ್ತೆ, ಸಭೆ ಆದ್ಮೇಲೆ ಏನೇನು ತೀರ್ಮಾನ ಆಯ್ತು ಅಂತ ನಡಾವಳಿ ಬರೀತಾರೆ. ಈ ನಡಾವಳಿ ಅನ್ನೋದೇ ನಿಮ್ಮ ಮೊದಲನೇ ಕಾಗದ. ಕೆಲವು ಊರಿನ ವೆಬ್‌ಸೈಟಲ್ಲಿ ಹಾಕಿರ್ತಾರೆ, ಬಹಳಷ್ಟು ಕಡೆ ಹಳೇದು ಹಾಕಿ ಬಿಟ್ಟಿರ್ತಾರೆ, ಆಗ ಆಫೀಸಿಗೆ ಹೋಗಿ ಕೇಳ್ಬೇಕು.

ಮೊದಲ ಸಲ ನಡಾವಳಿ ಕೈಗೆ ಬಂದಾಗ ನಂಗೆ ನಿರಾಸೆನೇ ಆಯ್ತು. ಎಡಗಡೆ ವಿಷಯ, ಬಲಗಡೆ ನಿರ್ಣಯ, ನಲವತ್ತು ವಿಷಯ ಇದ್ರೆ ಮೂವತ್ತೈದಕ್ಕೆ ಒಂದೇ ಸಾಲು, "ಸದರಿ ವಿಷಯದ ಬಗ್ಗೆ ಸಭೆಯಲ್ಲಿ ಕೂಲಂಕಷವಾಗಿ ಚರ್ಚಿಸಿ ಸರ್ವಾನುಮತದಿಂದ ಅನುಮೋದಿಸಲಾಯಿತು." ಏನು ಚರ್ಚೆ ಆಯ್ತು, ಯಾರು ಏನಂದ್ರು, ಯಾವ ಕಾರಣಕ್ಕೆ, ಒಂದಕ್ಷರ ಇಲ್ಲ. ಆದ್ರೂ ಎಸಿಬೇಡಿ, ಅದರಲ್ಲಿ ಓದೋದಿದೆ.

ಒಂದು, ಸರ್ವಾನುಮತ ಅಂತ ಇದ್ರೆ ನಿಮ್ಮ ಮೆಂಬರ್ ಕೂಡ ಒಪ್ಪಿದ್ದಾರೆ ಅಂತ ಅರ್ಥ. ಹಾಜರಿ ಪಟ್ಟಿಲಿ ಅವ್ರ ಸಹಿ ಇದ್ದು ವಿರೋಧ ಅಂತ ಎಲ್ಲೂ ದಾಖಲಾಗಿಲ್ಲ ಅಂದ್ರೆ "ನಾನು ಬೇಡ ಅಂದೆ, ಅವ್ರೇ ಮಾಡಿದ್ರು" ಅನ್ನೋ ಮಾತು ಕಾಗದದ ಮೇಲೆ ನಿಲ್ಲಲ್ಲ. ಎರಡು, "ಘಟನೋತ್ತರ ಅನುಮೋದನೆ" ಅಂತ ಇದ್ಯಾ ನೋಡಿ. ಅಂದ್ರೆ ಕೆಲ್ಸನೋ ಖರ್ಚೋ ಮೊದ್ಲೇ ಆಗೋಗಿದೆ, ಆಮೇಲೆ ಸಭೆ ಮುಂದೆ ಇಟ್ಟಿದ್ದಾರೆ ಅಂತ. ಮೂರು, ಕಟ್ಟಕಡೆಗೆ ಬನ್ನಿ. "ಅಧ್ಯಕ್ಷರ ಅನುಮತಿ ಮೇರೆಗೆ ಇತರೆ ವಿಷಯಗಳು" ಅಂತ ಒಂದು ಬಾಲ ಇರತ್ತೆ. ಅಜೆಂಡಾದಲ್ಲಿ ಇಲ್ದೇ ಇರೋದು, ಮುಂಚೆ ಯಾರಿಗೂ ಗೊತ್ತಿಲ್ದೇ ಇರೋದು ಬರೋದು ಅಲ್ಲೇ. ನಮ್ಮ ಚರಂಡಿ ಅಲ್ಲೇ ಸಿಕ್ತು, "ಬದಲಿ ಕಾಮಗಾರಿ" ಅಂತ ಒಂದೂವರೆ ಸಾಲಲ್ಲಿ.

ವಿಷಯ ಸಂಖ್ಯೆ, ಸಭೆ ನಡೆದ ದಿನಾಂಕ, ಇವೆರಡನ್ನ ಬರೆದಿಟ್ಕೊಳ್ಳಿ. ಇಲ್ಲಿಂದ ಮುಂದೆ "ಆ ಚರಂಡಿ ವಿಷ್ಯ" ಅಂತ ಬಾಯಲ್ಲಿ ಹೇಳ್ಬೇಡಿ, ಇಂಥಾ ತಾರೀಖಿನ ಸಭೆಯ ಇಂಥಾ ನಂಬರ್ ವಿಷಯ ಅಂತಾನೇ ಹೇಳಿ. ಎದುರಿಗಿರೋರ ಮುಖ ಬದಲಾಗೋದು ನೀವೇ ನೋಡ್ತೀರ.

ಮನೆಗೆ ಹೋಗಿ ಮಾತಾಡಿ, ಆದ್ರೆ ಯಾರ ಹತ್ರ?

ಅರ್ಜಿಗೆ ಮುಂಚೆ ಮಾತು, ಇದು ನನ್ನ ಅಭಿಪ್ರಾಯ. ಒಂದೇ ಊರಲ್ಲಿ ಬಾಳೋರು, ಮದ್ವೆ ಮುಂಜಿಲಿ ಮುಖ ನೋಡೋರು. ಜೊತೆಗೆ ಮೂರ್ನಾಲ್ಕು ಜನಕ್ಕಿಂತ ಜಾಸ್ತಿ ಹೋಗ್ಬೇಡಿ, ಹತ್ತು ಜನ ಹೋದ್ರೆ ಅದು ಗಲಾಟೆ ಥರ ಕಾಣತ್ತೆ, ಅವ್ರೂ ಭಾಷಣ ಮೋಡ್‌ಗೆ ಹೋಗ್ತಾರೆ.

ನಮ್ಮ ವಾರ್ಡ್ ಮಹಿಳಾ ಮೀಸಲು. ಗೆದ್ದಿರೋದು ಹೆಂಡ್ತಿ, ಓಡಾಡೋದು ಗಂಡ. ನಾವು ಹೋದಾಗ ಅವ್ರೇ ಗೇಟ್ ಹತ್ರ ಬಂದು "ಏನ್ ಸಾರ್ ಹೇಳಿ, ನಂಗೇ ಹೇಳಿ" ಅಂತ ಅಲ್ಲೇ ನಿಲ್ಸಿ ಮಾತಾಡೋಕೆ ಶುರು ಮಾಡಿದ್ರು. ನಮ್ಮ ಜೊತೆ ಬಂದಿದ್ದ ಪಕ್ಕದ ಮನೆ ಅಜ್ಜಿ, ಒಂಚೂರೂ ದನಿ ಏರಿಸ್ದೆ, "ಇಲ್ಲಪ್ಪಾ, ನಿಮ್ಮನೆಯವ್ರನ್ನ ಕರಿ, ನಾವು ಓಟು ಹಾಕಿದ್ದು ಆಯಮ್ಮಂಗೆ, ಸಭೇಲಿ ಸೈನ್ ಹಾಕಿದ್ದೂ ಆಯಮ್ಮನೇ" ಅಂದ್ರು. ಆಕೆ ಒಳಗಿಂದ ಕೈ ಒರೆಸ್ಕೊಂಡು ಬಂದ್ರು, "ಬನ್ನಿ ಅಜ್ಜಿ, ಕೂತ್ಕೊಳ್ಳಿ" ಅಂದ್ರು. ಸತ್ಯ ಹೇಳ್ತೀನಿ, ಆ ಸಭೆಲಿ ಏನೇನಾಯ್ತು ಅಂತ ಗಂಡನಿಗಿಂತ ಆಕೆಗೇ ಚೆನ್ನಾಗಿ ಗೊತ್ತಿತ್ತು, ಅಷ್ಟು ದಿನ ಯಾರೂ ಆಕೆನ ಕೇಳೇ ಇರ್ಲಿಲ್ಲ. ಆದ್ರಿಂದ ಪತ್ರ ಬರೆದ್ರೂ ಫೋನ್ ಮಾಡಿದ್ರೂ ಸದಸ್ಯೆ ಹೆಸರಿಗೇ ಮಾಡಿ, ಇದು ಆಕೆಗೂ ಕೊಡೋ ಮರ್ಯಾದೆ.

ಕೇಳೋ ರೀತಿ ಮುಖ್ಯ. "ನಮ್ಗೆ ಯಾಕ್ ಮೋಸ ಮಾಡಿದ್ರಿ" ಅಂದ್ರೆ ಅವ್ರಿಗೆ ಉತ್ತರ ಕೊಡೋಕೆ ಜಾಗನೇ ಇರಲ್ಲ, ಇಲ್ಲ ಅನ್ನಬೇಕು ಅಷ್ಟೇ. "ಮೊದ್ಲು ನಮ್ಮ ಬೀದಿ ಅಂತ ಇತ್ತು, ಆಮೇಲೆ ಬದಲಾಯ್ತು, ಬದಲಾಯಿಸುವಾಗ ನಿಮ್ಮ ಮುಂದೆ ಏನು ಮಾಹಿತಿ ಇಟ್ಟಿದ್ರು ಮೇಡಂ" ಅಂತ ಕೇಳಿ ನೋಡಿ. ಇದಕ್ಕೆ ಹೌದು ಇಲ್ಲ ಅನ್ನೋಕಾಗಲ್ಲ, ವಿಷಯನೇ ಹೇಳ್ಬೇಕು. ಮಾತಾಡಿ ಬಂದ ರಾತ್ರಿನೇ ಅವ್ರು ಹೇಳಿದ್ದನ್ನ ನಾಲ್ಕು ಸಾಲಲ್ಲಿ ಬರೆದು ಅವ್ರ ವಾಟ್ಸಾಪ್‌ಗೇ ಕಳ್ಸಿ, "ಮೇಡಂ, ನೀವು ಹೇಳಿದ್ದು ನಾವು ಹೀಗೆ ಅರ್ಥ ಮಾಡ್ಕೊಂಡಿದ್ದೀವಿ, ತಪ್ಪಿದ್ರೆ ತಿದ್ದಿ" ಅಂತ. ನಾಳೆ ನಾನು ಹಂಗಂದೇ ಇಲ್ಲ ಅನ್ನೋ ಮಾತು ಬರಲ್ಲ.

ಆಮೇಲೆ ಪತ್ರ

ಮಾತಲ್ಲಿ ಪೂರ್ತಿ ಉತ್ತರ ಸಿಗ್ಲಿಲ್ಲ ಅಂದ್ರೆ ಒಂದು ಪುಟದ ಪತ್ರ. ಎರಡು ಪುಟ ಬೇಡ, ಯಾರೂ ಓದಲ್ಲ. ಮೆಂಬರ್ ಹೆಸರಿಗೆ ಬರೆದು, ಪ್ರತಿ ಅಂತ ಕೆಳಗೆ ಮುಖ್ಯಾಧಿಕಾರಿಗೂ ಹಾಕಿ, ನಗರಸಭೆ ಆದ್ರೆ ಪೌರಾಯುಕ್ತರು, ಪಾಲಿಕೆ ಆದ್ರೆ ಆಯುಕ್ತರು, ಪಂಚಾಯತಿ ಆದ್ರೆ ಪಿಡಿಒ, ಅಂದ್ರೆ ಪಂಚಾಯತಿ ಅಭಿವೃದ್ಧಿ ಅಧಿಕಾರಿ. ಮೆಂಬರ್ ಇಂತಿಷ್ಟೇ ದಿನದಲ್ಲಿ ಮತದಾರರಿಗೆ ಉತ್ತರ ಕೊಡ್ಬೇಕು ಅಂತ ಹಿಡಿದು ಕೂರ್ಸೋ ದಾರಿ ನಮಗಿಲ್ಲ, ಆಫೀಸಿಗೆ ಮಾತ್ರ ಇದೆ, ಅದಕ್ಕೇ ಎರಡೂ ಕಡೆ ಹೋಗ್ಬೇಕು. ನಾವು ಬರೆದಿದ್ದು ಹೆಚ್ಚುಕಮ್ಮಿ ಹೀಗಿತ್ತು:

"ದಿನಾಂಕ … ರ ಸಾಮಾನ್ಯ ಸಭೆಯ ವಿಷಯ ಸಂಖ್ಯೆ … ರಲ್ಲಿ ನಮ್ಮ ಬೀದಿಯ ಚರಂಡಿ ಕಾಮಗಾರಿಯನ್ನು ಬದಲಾಯಿಸಲಾಗಿದೆ. ಈ ಕುರಿತು ದಯವಿಟ್ಟು ತಿಳಿಸಿ: ಬದಲಾವಣೆಯ ಪ್ರಸ್ತಾವನೆ ಯಾರಿಂದ ಬಂತು? ಬದಲಾಯಿಸಲು ಕಾರಣವೇನು? ಎರಡೂ ಸ್ಥಳಗಳನ್ನು ಯಾವ ಮಾನದಂಡದ ಮೇಲೆ ಹೋಲಿಸಲಾಯಿತು? ನಮ್ಮ ಬೀದಿಯ ಕಾಮಗಾರಿ ಮುಂದೆ ಯಾವ ಕ್ರಿಯಾ ಯೋಜನೆಯಲ್ಲಿ ಬರುತ್ತದೆ? ಮಾಹಿತಿ ಹಕ್ಕು ಕಾಯ್ದೆ 2005ರ ಕಲಂ 4(1)(ಡಿ) ಪ್ರಕಾರ ಬಾಧಿತರಿಗೆ ಆಡಳಿತಾತ್ಮಕ ತೀರ್ಮಾನಗಳ ಕಾರಣ ಒದಗಿಸಬೇಕಿರುವುದರಿಂದ 15 ದಿನದೊಳಗೆ ಲಿಖಿತ ಉತ್ತರ ಕೋರುತ್ತೇವೆ."

ಕ್ರಿಯಾ ಯೋಜನೆ ಅಂದ್ರೆ ಯಾವ ದುಡ್ಡಲ್ಲಿ ಯಾವ ಕೆಲ್ಸ ಅಂತ ಮಾಡೋ ಪಟ್ಟಿ. ಆ 15 ದಿನ ನಾವೇ ಹಾಕ್ಕೊಂಡಿದ್ದು, ಕಾನೂನಿನದ್ದಲ್ಲ. ಆದ್ರೆ ಆ ಕಲಂ ನಿಜವಾದದ್ದು, ಮೇಲೆ ಹೇಳ್ತೀನಿ ಅಂದಿದ್ದು ಇದನ್ನೇ. ಮಾಹಿತಿ ಹಕ್ಕು ಅಂದ್ರೆ ಬರೀ ಅರ್ಜಿ ಹಾಕಿ ಕಾಪಿ ತಗೊಳ್ಳೋದು ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ, ಅದರ 4ನೇ ಕಲಂ ಹೇಳೋದು ಯಾರೂ ಅರ್ಜಿ ಹಾಕ್ದೇ ಇದ್ರೂ ಕಚೇರಿ ತಾನಾಗೇ ಮಾಡ್ಬೇಕಾದ ಕೆಲ್ಸದ ಬಗ್ಗೆ. ಜನಕ್ಕೆ ತಟ್ಟೋ ಮುಖ್ಯ ತೀರ್ಮಾನ ಪ್ರಕಟಿಸುವಾಗ ಅದಕ್ಕೆ ಸಂಬಂಧಪಟ್ಟ ವಿಷಯಗಳನ್ನೆಲ್ಲ ಹೊರಗಿಡಬೇಕು, ಬಾಧಿತರಿಗೆ ಕಾರಣ ಕೊಡ್ಬೇಕು. 2005ರಿಂದ ಇದೆ ಇದು.

ಪತ್ರನ ಕೈಗೆ ಕೊಟ್ಟು ಬರಬೇಡಿ. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಕಾಪಿ ಮೇಲೆ ಸೀಲು, ತಾರೀಖು, ಆವಕ ಸಂಖ್ಯೆ ಹಾಕಿಸ್ಕೊಳ್ಳಿ. "ಸಾಹೇಬ್ರು ಇಲ್ಲ, ನಾಳೆ ಬನ್ನಿ" ಅಂದ್ರೆ ಸ್ಪೀಡ್ ಪೋಸ್ಟ್ ಮಾಡಿ, ಮುಗೀತು.

ಉತ್ತರ ಬರ್ಲಿಲ್ಲ ಅಂದ್ರೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ, ಇಲ್ಲಿ ಒಂದು ಸೂಕ್ಷ್ಮ ಇದೆ

ನಾನು ಹಾಕಿದ ಮೊದಲನೇ ಅರ್ಜಿ ವ್ಯರ್ಥ ಆಯ್ತು. "ನಮ್ಮ ಬೀದಿ ಚರಂಡಿಯನ್ನು ಯಾಕೆ ಬದಲಾಯಿಸಿದಿರಿ" ಅಂತ ಕೇಳಿದ್ದೆ. "ಪ್ರಶ್ನಾರೂಪದ ಮಾಹಿತಿ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ" ಅಂತ ಒಂದು ಸಾಲಿನ ಉತ್ತರ ಬಂತು. ಸಿಟ್ಟು ಬಂತು, ಆದ್ರೆ ಆಮೇಲೆ ಕೇಳಿ ತಿಳ್ಕೊಂಡ ಮೇಲೆ ಅರ್ಥ ಆಯ್ತು. ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ, ಅರ್ಜಿಗೆ ಕೊಡ್ಬೇಕಾದ್ದು ಕಚೇರಿಲಿ ದಾಖಲೆಯಾಗಿ ಇರೋ ಮಾಹಿತಿ, ಹೊಸದಾಗಿ ವಿವರಣೆ ತಯಾರು ಮಾಡಿ ಕೊಡೋಕೆ ಅಧಿಕಾರಿ ಬಾಧ್ಯಸ್ಥನಲ್ಲ ಅಂತ. ಅಂದ್ರೆ ಆರ್‌ಟಿಐ ಅರ್ಜಿಲಿ ಯಾಕೆ ಅಂತ ಕೇಳ್ಬಾರ್ದು, ಯಾಕೆ ಅನ್ನೋದು ಯಾವ ಕಾಗದದಲ್ಲಿ ಬರೆದಿದ್ಯೋ ಆ ಕಾಗದನೇ ಕೇಳ್ಬೇಕು.

ಆ ಕಾಗದ ಇರೋದು ಕಡತದಲ್ಲಿ. ಪ್ರತಿಯೊಂದು ಕಡತದಲ್ಲೂ ಟಿಪ್ಪಣಿ ಹಾಳೆ ಇರತ್ತೆ. ಕೇಸ್ ವರ್ಕರ್ ಬರೀತಾರೆ, ಇಂಜಿನಿಯರ್ ಅಭಿಪ್ರಾಯ ಬರೀತಾರೆ, ಮೇಲಿನವ್ರು ಸಹಿ ಹಾಕ್ತಾರೆ, ನಡಾವಳಿಲಿ ಇಲ್ದೇ ಇರೋ ಕಾರಣ ಅಲ್ಲಿರತ್ತೆ. ಎರಡನೇ ಸಲ ನಾನು ಕೇಳಿದ್ದು: ಬದಲಿ ಕಾಮಗಾರಿಗೆ ಸಂಬಂಧಿಸಿದ ಕಡತದ ಟಿಪ್ಪಣಿ ಹಾಳೆಗಳು, ಎರಡೂ ಸ್ಥಳಗಳ ಅಂದಾಜು ಪಟ್ಟಿ, ಸ್ಥಳ ಪರಿಶೀಲನಾ ವರದಿ, ಬದಲಾವಣೆ ಕೋರಿ ಬಂದ ಯಾವುದೇ ಪತ್ರ, ಇವುಗಳ ದೃಢೀಕೃತ ಪ್ರತಿ. ಕೆಲ್ಸ ಮುಗಿದಿರೋ ವಿಷಯ ಆದ್ರೆ, ಆಗಿರೋ ಕೆಲ್ಸದ ಲೆಕ್ಕ ಬರೆದಿಡೋ ಅಳತೆ ಪುಸ್ತಕನೂ ಸೇರಿಸಿ.

ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ ಇರ್ಬೇಕು, ಇದು ನೆನಪಿರ್ಲಿ, ಕತೆ ಬರೆದ್ರೆ ಅದೇ ನೆಪ ಮಾಡಿ ವಾಪಸ್ ಕಳಿಸ್ತಾರೆ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು, ಬಿಪಿಎಲ್ ಆದ್ರೆ ಇಲ್ಲ. ಕಾಪಿಗೆ ಎ4 ಹಾಳೆಗೆ 2 ರೂಪಾಯಿ. ರಾಜ್ಯ ಸರ್ಕಾರದ ಆನ್‌ಲೈನ್ ಆರ್‌ಟಿಐ ಪೋರ್ಟಲ್ ಕೂಡ ಇದೆ. ಯಾಕೆ ಬೇಕು ಅಂತ ಕಾರಣ ಹೇಳೋ ಅಗತ್ಯ ನಿಮಗಿಲ್ಲ, ಕೇಳಿದ್ರೆ ಹೇಳ್ಬೇಡಿ. 30 ದಿನದಲ್ಲಿ ಉತ್ತರ ಬರ್ಬೇಕು. ಬರ್ಲಿಲ್ಲ ಅಥವಾ ಸಮಾಧಾನ ಆಗ್ಲಿಲ್ಲ ಅಂದ್ರೆ ಅಲ್ಲಿಂದ 30 ದಿನದೊಳಗೆ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ, ಅದೂ ಆಗ್ಲಿಲ್ಲ ಅಂದ್ರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕ್ಬಹುದು, ಆದ್ರೆ ಅಲ್ಲಿ ಸರದಿ ಬರೋಕೆ ತುಂಬಾ ಕಾಯ್ಬೇಕಾಗತ್ತೆ, ಅದಕ್ಕೆ ಮೊದಲ ಮೇಲ್ಮನವಿನೇ ಗಟ್ಟಿಯಾಗಿ ಬರೀರಿ.

ಕಾಪಿಗಿಂತ ಕಡತ ನೋಡೋದು ಒಳ್ಳೇದು, ಕಾಯ್ದೆಲಿ ಪರಿಶೀಲನೆಗೆ ಅವಕಾಶ ಇದೆ, ಅರ್ಜಿಲೇ "ಕಡತ ಪರಿಶೀಲನೆಗೆ ದಿನಾಂಕ ತಿಳಿಸಿ" ಅಂತ ಬರೀರಿ. ನಾನು ಹೋಗಿ ಕೂತು ಒಂದೊಂದೇ ಹಾಳೆ ತಿರುವಿದೆ. ಹನ್ನೊಂದನೇ ಹಾಳೆಲಿ ಇಂಜಿನಿಯರ್ ನೀಲಿ ಪೆನ್ನಲ್ಲಿ ಬರೆದಿದ್ರು, ಈ ಬೀದಿಯಲ್ಲಿ ಒಳಚರಂಡಿ ಕೊಳವೆ ಹಾಕುವುದು ಬಾಕಿ ಇರುವುದರಿಂದ ಈಗ ಚರಂಡಿ ಕಟ್ಟಿದರೆ ಮತ್ತೆ ಅಗೆಯಬೇಕಾಗುತ್ತದೆ, ಕೊಳವೆ ಕೆಲಸ ಮುಗಿದ ಮೇಲೆ ತೆಗೆದುಕೊಳ್ಳುವುದು ಸೂಕ್ತ ಅಂತ. ಅಷ್ಟೇ. ಎರಡು ಸಾಲು. ಒಪ್ಪೋವಂಥ ಕಾರಣ. ಎಂಟು ತಿಂಗಳು ಇಡೀ ಬೀದಿ ಆ ಮೆಂಬರ್ರನ್ನ ಶಪಿಸಿದೆ, ದುಡ್ಡು ತಿಂದ್ರು ಅಂತ ಮಾತಾಡಿದೆ, ಆ ಎರಡು ಸಾಲನ್ನ ಯಾರಾದ್ರೂ ಒಬ್ರು ಬಂದು ಹೇಳಿದ್ರೆ ಇದ್ಯಾವುದೂ ಆಗ್ತಿರ್ಲಿಲ್ಲ. ನಂಗೆ ಈಗಲೂ ಬೇಜಾರಾಗೋದು ಅದಕ್ಕೇ.

ಸಿಕ್ಕಿದ್ದು ಕಾರಣನಾ ಅಂತ ನೋಡಿ

ಎಲ್ಲಾ ಸಲ ಹೀಗೆ ಆಗಲ್ಲ. "ತಾಂತ್ರಿಕ ಕಾರಣಗಳಿಂದ", "ಸಾರ್ವಜನಿಕ ಹಿತದೃಷ್ಟಿಯಿಂದ", "ತುರ್ತು ಅಗತ್ಯದ ಮೇರೆಗೆ", ಇವು ಕಾರಣ ಅಲ್ಲ, ಕಾರಣ ಇರ್ಬೇಕಾದ ಜಾಗಕ್ಕೆ ಹಾಕಿರೋ ಮುಚ್ಚಳ. ಯಾವ ತಾಂತ್ರಿಕ ಕಾರಣ, ಯಾರ ವರದಿ, ಯಾವ ತಾರೀಖಿಂದು ಅಂತ ಮತ್ತೆ ಕೇಳಿ. ವರದಿ ತಾರೀಖು ನಿರ್ಣಯ ಆದ್ಮೇಲಿಂದು ಇದ್ರೆ ಮೊದ್ಲು ತೀರ್ಮಾನ ಮಾಡಿ ಆಮೇಲೆ ಕಾರಣ ಹುಡುಕಿದ್ದಾರೆ ಅನ್ನೋ ಅನುಮಾನ ಬರ್ಬೇಕು.

"ಆ ದುಡ್ಡನ್ನ ನಿಮ್ಮ ಬೀದಿಗೆ ಹಾಕೋಕೆ ಬರಲ್ಲ" ಅಂತಾನೂ ಹೇಳ್ತಾರೆ, ಇದು ಕೆಲವೊಮ್ಮೆ ನಿಜ. 2026ರ ಮಾರ್ಚ್‌ವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ದೊಡ್ಡ ಪಾಲು ಕುಡಿಯೋ ನೀರು, ನೈರ್ಮಲ್ಯಕ್ಕೇ ಅಂತ ಕಟ್ಟಿಟ್ಟಿದ್ರು. ನಗರ ಸ್ಥಳೀಯ ಸಂಸ್ಥೆಗಳಲ್ಲಿ ಶೇ 24.10 ಪರಿಶಿಷ್ಟ ಜಾತಿ, ಪಂಗಡದವರಿಗೆ ಅಂತ ಮೀಸಲಿಡೋ ಹಣ ಇದೆ, ಅದನ್ನ ನಮ್ಮ ಬೀದಿಗೆ ತಿರುಗಿಸಿ ಅಂತ ಕೇಳೋದೇ ತಪ್ಪು, ಬದ್ಲಿಗೆ ಆ ಹಣ ಆ ಕೇರಿಗಳಿಗೇ ಮುಟ್ಟಿದ್ಯಾ ಅಂತ ಕೇಳೋದು ಸರಿ. ಅನುದಾನದ ಹೆಸರು ಕೇಳಿ ಬರ್ಕೊಳ್ಳಿ, ಕ್ರಿಯಾ ಯೋಜನೆ ಕಾಪಿ ಜೊತೆ ತಾಳೆ ನೋಡಿ.

ಸಿಕ್ಕ ಕಾಗದನ ಬೀದಿಯವ್ರ ಜೊತೆ ಹಂಚ್ಕೊಳ್ಳುವಾಗ ಪೂರ್ತಿ ಹಂಚಿ, ನಮಗೆ ಬೇಕಾದ ಸಾಲು ಮಾತ್ರ ಕತ್ತರಿಸಿ ಗ್ರೂಪಿಗೆ ಹಾಕ್ಬೇಡಿ. ಬಾಯಿ ತುಂಬಾ ಬೈದಿರೋರಿಗೆ ಸರಿಯಾದ ಕಾರಣನ ತಲುಪಿಸೋದೂ ನಮ್ಮದೇ ಕೆಲ್ಸ.

ಸಭೆಗೆ ಹೋಗಿ ಕೂರೋದು

ಪುರಸಭೆ ಸಾಮಾನ್ಯ ಸಭೆ ಗುಟ್ಟಿಂದಲ್ಲ, ಬೇರೆ ತೀರ್ಮಾನ ಆಗದ ಹೊರತು ಸಾರ್ವಜನಿಕರು ಕೂತು ನೋಡಬಹುದು, ಮಾತಾಡೋಕಾಗಲ್ಲ ಅಷ್ಟೇ. ಮುಂಚೆನೇ ಮುಖ್ಯಾಧಿಕಾರಿಗೆ ಒಂದು ಚೀಟಿ ಕೊಟ್ಟು ತಿಳ್ಸಿ, ಹಿಂದಿನ ಸಾಲಲ್ಲಿ ನೋಟ್‌ಬುಕ್ ಹಿಡ್ಕೊಂಡು ಕೂತ್ಕೊಳ್ಳಿ. ವಾರ್ಡಿನ ಇಬ್ರು ಕೂತಿದ್ದಾರೆ ಅಂತ ಗೊತ್ತಿದ್ರೆ ಮೆಂಬರ್ ಎದ್ದು ನಿಂತು ಒಂದು ಮಾತಾದ್ರೂ ಕೇಳ್ತಾರೆ, ಆ ಮಾತು ನಡಾವಳಿಗೆ ಹೋಗ್ಲಿ ಅಂತಾನೂ ಹೇಳ್ತಾರೆ.

ಹಳ್ಳಿಯವ್ರಿಗೆ ಇದಕ್ಕಿಂತ ಗಟ್ಟಿ ಜಾಗ ಇದೆ, ಅದನ್ನ ಬಿಟ್ಕೊಡ್ಬೇಡಿ. ವಾರ್ಡ್ ಸಭೆ, ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದ್ರೂ ಆಗ್ಲೇಬೇಕು, ಅಲ್ಲಿ ನೀವು ಪ್ರೇಕ್ಷಕರಲ್ಲ, ಮತದಾರರ ಪಟ್ಟಿಲಿ ಹೆಸರಿದ್ರೆ ಅದರ ಸದಸ್ಯರೇ. ಎದ್ದು ನಿಂತು ಹಿಂದಿನ ಗ್ರಾಮಸಭೆಯ ನಿರ್ಣಯ ಓದಿ ಅಂತ ಕೇಳಿ, ಯಾವುದು ಆಯ್ತು ಯಾವುದು ಆಗ್ಲಿಲ್ಲ ಯಾಕೆ ಅಂತ ಒಂದೊಂದಾಗಿ ಕೇಳಿ. ನಿಮ್ಮ ಪ್ರಶ್ನೆನ ಪುಸ್ತಕದಲ್ಲಿ ಬರೆದ ಮೇಲೇ ಸಹಿ ಹಾಕಿ. ಸಭೆ ಮುಗಿದ ಮೇಲೆ ಮನೆಮನೆಗೆ ಪುಸ್ತಕ ತಂದು ಸಹಿ ಕೇಳೋ ಅಭ್ಯಾಸ ಕೆಲವು ಕಡೆ ಇದೆ, ದಯವಿಟ್ಟು ಹಾಕ್ಬೇಡಿ, ನೀವು ಹೋಗಿರದ ಸಭೆಗೆ ಹೋಗಿದ್ರಿ ಅಂತ ಆಗತ್ತೆ. ಪಾಲಿಕೆ ಇರೋ ಊರುಗಳಲ್ಲಿ ವಾರ್ಡ್ ಸಮಿತಿ ಅಂತ ಕಾಯ್ದೆಲಿ ಇದೆ, ಮೂರು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನಸಂಖ್ಯೆ ಇದ್ರೆ ಸಂವಿಧಾನವೇ ಅದನ್ನ ಹೇಳತ್ತೆ, ನಿಮ್ಮ ವಾರ್ಡಲ್ಲಿ ರಚನೆ ಆಗಿದ್ಯಾ, ಕೊನೇ ಸಭೆ ಯಾವಾಗ ಆಯ್ತು ಅಂತ ಕೇಳೋದ್ರಿಂದಲೇ ಶುರು ಮಾಡಬಹುದು.

ಎಲ್ಲಾ ಮಾಡಿದ್ರೂ ಬಾಯಿ ಬಿಡ್ಲಿಲ್ಲ ಅಂದ್ರೆ

ನಿರ್ಣಯನೇ ಕಾನೂನಿಗೆ ವಿರುದ್ಧ ಅನ್ಸಿದ್ರೆ ಪುರಸಭೆ, ನಗರಸಭೆ ವಿಷಯದಲ್ಲಿ ಜಿಲ್ಲಾಧಿಕಾರಿಗೆ ಅದನ್ನ ತಡೆಹಿಡಿಯೋ ಅಧಿಕಾರ ಇದೆ, ನಡಾವಳಿ, ಪತ್ರ, ಸ್ವೀಕೃತಿ, ಆರ್‌ಟಿಐ ಉತ್ತರ ಎಲ್ಲಾ ಸೇರ್ಸಿ ಅವ್ರಿಗೆ ಕೊಡಿ. ದುಡ್ಡಿನ ಅವ್ಯವಹಾರದ ದಾಖಲೆ ಕೈಲಿದ್ರೆ ಲೋಕಾಯುಕ್ತ. ಆದ್ರೆ ತೀರ್ಮಾನ ನಮಗೆ ಇಷ್ಟ ಆಗ್ಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಲೋಕಾಯುಕ್ತಕ್ಕೆ ಹೋಗ್ಬೇಡಿ, ಅಲ್ಲಿ ನಿಲ್ಲಲ್ಲ, ಮೆಂಬರ್ ಜೊತೆ ಮಾತೂ ಅಲ್ಲಿಗೆ ಮುಗಿಯತ್ತೆ. ಆಫೀಸಲ್ಲಿ ಪತ್ರ ಕೊಳೀತಿದೆ ಅನ್ನೋ ದೂರಿಗೆ 1902 ಸಹಾಯವಾಣಿ ಇದೆ, ಅದಕ್ಕೂ ಒಂದು ದೂರು ಸಂಖ್ಯೆ ಸಿಗತ್ತೆ, ಅದನ್ನೂ ಫೈಲಿಗೆ ಸೇರಿಸಿ.

ಫೈಲ್ ಅಂದೆ. ಒಂದು ಸಾದಾ ರಟ್ಟಿನ ಫೈಲ್ ಮಾಡಿ, ಬೀದಿಲಿ ಯಾರ ಮನೇಲಿ ಯಾವಾಗ್ಲೂ ಒಬ್ರು ಇರ್ತಾರೋ ಅಲ್ಲಿಡಿ. ನಮ್ಮದು ಆ ಅಜ್ಜಿ ಮನೇಲಿ ಟಿವಿ ಪಕ್ಕ ಇದೆ. ಕೊಳವೆ ಕೆಲ್ಸ ಈ ಮಳೆಗಾಲಕ್ಕೆ ಮುಂಚೆ ಮುಗೀತು. ಇಂಜಿನಿಯರ್ ಬರೆದಿದ್ದ ಆ ಹನ್ನೊಂದನೇ ಹಾಳೆ ಕಾಪಿಗೆ ಹೊಸ ಮನವಿ ಪಿನ್ ಮಾಡಿ, ಕ್ರಿಯಾ ಯೋಜನೆ ಸಭೆಗೆ ಮುಂಚೆನೇ ಮೆಂಬರ್ ಮೇಡಂ ಕೈಗೆ ಒಂದು, ಟಪಾಲಿಗೆ ಒಂದು ಕೊಟ್ಟಿದ್ದೀವಿ. ಆಕೆ ಓದಿ, "ಇದನ್ನ ನಾನೇ ಸಭೇಲಿ ಓದ್ತೀನಿ, ನೀವು ಯಾರಾದ್ರೂ ಬಂದು ಕೂತ್ಕೊಳ್ಳಿ" ಅಂದಿದ್ದಾರೆ.